ಹತ್ತನೇ ಬೋಲ್ಟಿನ ಹಳದಿ ಗೆರೆ

ಡೀಸೆಲ್ ಪಿಕಪ್‌ಗಳ ಇಂಜಿನ್ ಬಿಚ್ಚುವ ಕೆಲಸ ಹಿಡಿದು ನನಗೆ ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ತಾನಾಗಿ ಕೆಟ್ಟ ಇಂಜಿನ್‌ಗಳನ್ನು ಕಂಡದ್ದು ಬೆರಳೆಣಿಕೆಯಷ್ಟು. ಮಿಕ್ಕವೆಲ್ಲ ಮನುಷ್ಯರು ಕೆಡಿಸಿದವು. ಒಂದೂವರೆ ಟನ್ ಹೊರುವ ಗಾಡಿಗೆ ಮೂರು ಟನ್ ಹೇರಿ, ಏರಿನಲ್ಲಿ ಅದು ಏದುಸಿರು ಬಿಡುತ್ತಿದ್ದರೆ ಹಾಡು ಹಾಕಿಕೊಂಡು ಕೂತಿರುತ್ತಾರೆ. ಆಯಿಲ್ ಬದಲಿಸಿ ಎಂದರೆ ಇನ್ನೂ ಇದೆಯಲ್ಲ ಎನ್ನುತ್ತಾರೆ. ಇರುವುದು ಆಯಿಲ್ ಅಲ್ಲ, ಡಾಂಬರು. ದೂರ ಓಡಿ ಬಂದ ಗಾಡಿಯನ್ನು ನಿಂತ ಕೂಡಲೇ ಆರಿಸಬೇಡಿ, ಎರಡು ನಿಮಿಷ ಸುಮ್ಮನೆ ಓಡಲು ಬಿಡಿ, ಇಂಜಿನ್ನಿಗೆ ಗಾಳಿ ನೂಕಿ ನೂಕಿ ಕಾದು ಕೆಂಪಾದ ಟರ್ಬೊಗೆ ಒಂದಿಷ್ಟು ಆಯಿಲ್ ಸಿಗಲಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಹೂಂ ಎಂದು ತಲೆಯಾಡಿಸಿ ಹೋಗುತ್ತಾರೆ. ಮುಂದಿನ ಸಲ ನನ್ನ ಶೆಡ್ಡಿನ ಬಾಗಿಲಲ್ಲೇ ಟಕ್ಕನೆ ಆರಿಸಿ ಹಲ್ಲು ಕಿರಿಯುತ್ತಾ ಇಳಿಯುತ್ತಾರೆ.

ಬಿಚ್ಚಿದ ಇಂಜಿನ್ನಿನ ಮುಂದೆ ನಿಂತರೆ ಅದರ ಯಜಮಾನನ ಹಾಸಿಗೆಯ ಅಡಿ, ಪಾತ್ರೆ ತೊಳೆಯುವ ಜಾಗ, ಉಗುರಿನ ಸಂದಿ ಎಲ್ಲ ಕಂಡಂತಾಗುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಮೂಗಿಗೆ ಹಿಡಿದರೆ ಸಾಕು, ನಾನು ರೋಗ ಹೇಳಿಬಿಡುತ್ತೇನೆ. ಡೀಸೆಲ್ ನಾತ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆ. ಸಿಹಿಸಿಹಿ ವಾಸನೆ ಬಂದರೆ ಇಂಜಿನ್ ತಣಿಸುವ ಕೂಲೆಂಟ್ ನೀರು ಆಯಿಲ್‌ಗೆ ನುಗ್ಗಿದೆ. ರೋಗ ಹೇಳಿದ ಮೇಲೆ ಬುದ್ಧಿಯನ್ನೂ ಹೇಳುತ್ತೇನೆ, ಅದು ರೋಗಕ್ಕಿಂತ ಉದ್ದ. ಹಾಗಾಗಿ ಬೀದಿಯವರು ನನ್ನನ್ನು ಬೆನ್ನ ಹಿಂದೆ ಮೂಗು ಮೇಷ್ಟ್ರು ಅನ್ನುತ್ತಾರೆ. ಪಕ್ಕದ ಶೆಡ್ಡಿನ ವೆಲ್ಡರ್ ಒಬ್ಬ ಮಾತ್ರ ಎದುರಿಗೇ ಹಾಗೆ ಕರೆಯುತ್ತಾನೆ.

ನನ್ನದೊಂದು ಪದ್ಧತಿ ಇದೆ. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಕೆಳಗಿನ ಬ್ಲಾಕಿನ ಮೇಲೆ ಕೂರಿಸಿದ ನಂತರ ಹತ್ತು ಬೋಲ್ಟ್ ಬಿಗಿಯಬೇಕು. ಎರಡರ ನಡುವೆ ಇರುವುದು ತೆಳ್ಳನೆಯ ಒಂದು ಗ್ಯಾಸ್ಕೆಟ್. ನೀರನ್ನೂ ಆಯಿಲನ್ನೂ ಬೆಂಕಿಯನ್ನೂ ಒಂದರ ಮನೆಗೆ ಇನ್ನೊಂದು ಕಾಲಿಡದಂತೆ ತಡೆಯುವುದು ಅದೇ. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯುವಂತಿಲ್ಲ. ನಡುವಿನಿಂದ ಶುರುಮಾಡಿ ಮೂಲೆಗಳ ಕಡೆ ಹೋಗುತ್ತಾ ಮೂರು ಸುತ್ತು ಹಾಕಬೇಕು. ಮೂರನೇ ಸುತ್ತಿನಲ್ಲಿ ಒಂದೊಂದಕ್ಕೂ ಕಾಲು ತಿರುವು, ರೆಂಚಿಗೆ ಉದ್ದನೆಯ ಪೈಪ್ ಸಿಕ್ಕಿಸಿ, ಭುಜ ಲಟಕ್ಕೆನ್ನುವ ಹಾಗೆ. ಆ ಕಾಲು ತಿರುವು ಮುಗಿದ ಬೋಲ್ಟಿಗೆ ಸಣ್ಣ ಕುಂಚದಿಂದ ಒಂದು ಹಳದಿ ಗೆರೆ ಎಳೆಯುತ್ತೇನೆ, ಬೋಲ್ಟಿನ ತಲೆಯಿಂದ ಹೆಡ್ಡಿನ ಮೈವರೆಗೆ ನೇರವಾಗಿ. ಮುಂದೆ ಯಾವತ್ತಾದರೂ ಬೋಲ್ಟ್ ಕೂದಲೆಳೆಯಷ್ಟು ಸಡಿಲಾಗಿ ತಿರುಗಿದರೂ ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಜರುಗಿರುತ್ತದೆ, ಕಣ್ಣಿಗೆ ಬೀಳುತ್ತದೆ. ಹಳೇ ಪಿಕಪ್ ಕೊಳ್ಳುವವರು ಇಂಜಿನ್ನಿನ ಮೇಲಿನ ಮುಚ್ಚಳ ತೆಗೆಸಿ ನನ್ನ ಹಳದಿ ಗೆರೆ ಇದೆಯೇ ಎಂದು ನೋಡುವುದುಂಟು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಅಕ್ಕನ ಪಿಕಪ್ಪಿನಲ್ಲೂ ಅಂಥ ಹತ್ತು ಗೆರೆಗಳಿದ್ದವು. ಆರು ತಿಂಗಳ ಹಿಂದೆ ಅದರ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟವನು ನಾನೇ. ಭಾವನ ಕಣ್ಣು ಮಂದವಾಗಿ ಸ್ಟೀರಿಂಗ್ ಬಿಟ್ಟ ಮೇಲೆ ಅಕ್ಕನೇ ಗಾಡಿ ಓಡಿಸುತ್ತಿದ್ದಳು. ಐವತ್ತೆರಡರ ಹೆಂಗಸು, ಕುಳ್ಳಿ. ಸೀಟಿನ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿಕೊಂಡು ಕೂರುತ್ತಿದ್ದಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಂದಿದೆ, ಅಲ್ಲಿ ಕೆಲಸ. ಹೋಗುವಾಗ ಒಗೆದ ಹೊದಿಕೆ, ಆಪರೇಷನ್ ಬಟ್ಟೆ. ಬರುವಾಗ ಕೊಳೆ ಬಟ್ಟೆಯ ಮೂಟೆ. ದಿನಕ್ಕೆ ಎರಡು ಸಲ. ಆ ಮನೆ ನಡೆಯುತ್ತಿದ್ದುದು ಆ ಎರಡು ಓಡಾಟದ ಮೇಲೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಗಾಡಿಯನ್ನು ಯಾರೋ ಲಾರಿಯವರು ಹಗ್ಗ ಕಟ್ಟಿ ಎಳೆದು ತಂದು ಶೆಡ್ಡಿನ ಮುಂದೆ ಬಿಟ್ಟು ಹೋದರು. ಮುಂದಿನ ಬಾನೆಟ್ಟಿನಿಂದ ಆವಿ, ಹಿಂದಿನಿಂದ ಆಸ್ಪತ್ರೆಯ ಮೂಟೆಗಳ ನಾತ. ರಕ್ತ, ಔಷಧಿ, ಇನ್ನೇನೇನೋ. ಬಿಸಿಲಿಗೆ ಕಾದ ತಗಡಿನ ಡಬ್ಬಿಯೊಳಗೆ ಅದೆಲ್ಲ ಬೇಯುತ್ತಿತ್ತು. ವೆಲ್ಡರ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡ. ಅಕ್ಕ ಇಳಿದು, ದಾರಿಯಲ್ಲಿ ಇದ್ದಕ್ಕಿದ್ದಂತೆ ಬಿಳಿ ಹೊಗೆ ಬಂತು, ಬಿಸಿ ತೋರಿಸುವ ಸೂಜಿ ಏರಿತು, ತಕ್ಷಣ ಆರಿಸಿದೆ ಎಂದು ಹೇಳಿದಳು. ನಾನು ಕೇಳಿಸಿಕೊಂಡೆನೋ ಇಲ್ಲವೋ. ಆಗಲೇ ಕಡ್ಡಿ ಎಳೆದು ಮೂಗಿಗೆ ಹಿಡಿದಾಗಿತ್ತು.

ಸಿಹಿ ವಾಸನೆ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿದೆ. ಒಳಮೈಗೆಲ್ಲ ಹಾಲು ಬೆರೆಸಿದ ಟೀ ಬಣ್ಣದ ಲೋಳೆ, ನೆಗಡಿಯಾದವರ ಮೂಗಿನಿಂದ ಬಂದ ಹಾಗೆ ಇಳಿಬಿದ್ದಿತ್ತು. ನಾನು ಮೂರು ವಾರ ಹಗಲೆಲ್ಲ ಕೂತು, ಬಟ್ಟೆಯಲ್ಲಿ ಒರೆಸಿ ಒರೆಸಿ ಕಟ್ಟಿದ ಇಂಜಿನ್ ಅದು.

ಆಮೇಲೆ ನಾನು ಆಡಿದ್ದನ್ನೆಲ್ಲ ಇಲ್ಲಿ ಹೇಳಲಾರೆ. ನೀರು ನೋಡದೆ ಓಡಿಸಿದ್ದೀ, ಸೂಜಿ ಏರಿದರೂ ಓಡಿಸಿದ್ದೀ, ಒಂದು ದಿನದಲ್ಲಿ ಆಗುವ ಕೆಲಸವಲ್ಲ ಇದು, ವಾರಗಟ್ಟಲೆ ಕಣ್ಣು ಮುಚ್ಚಿಕೊಂಡು ಓಡಿಸಿದ್ದೀ ಎಂದೆ. ಅಕ್ಕ ಪ್ರತಿದಿನ ಬೆಳಿಗ್ಗೆ ನೋಡುತ್ತೇನೆ, ಬರೆದಿಟ್ಟಿದ್ದೇನೆ ಎಂದಳು. ಬರೆದರೆ ನೀರು ತುಂಬುತ್ತಾ ಎಂದು ಕೇಳಿದೆ. ವೆಲ್ಡರ್, ಟೈರಿನಂಗಡಿಯವನು, ಡೀಸೆಲ್ ಪಂಪು ರಿಪೇರಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಎಲ್ಲರೂ ನೋಡುತ್ತಿದ್ದರು. ನನಗಿಂತ ಏಳು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು. ಅವಳು ತಲೆ ತಗ್ಗಿಸಿ ಗಾಡಿಯ ಚಕ್ರ ನೋಡುತ್ತಾ ನಿಂತಳು. ಅವಳು ಎದುರು ಮಾತಾಡಲಿಲ್ಲವೆಂದು ನನಗೆ ಇನ್ನಷ್ಟು ಹುರುಪು ಬಂತು.

ಆ ಹುರುಪಿನಲ್ಲೇ ಲಾಂಡ್ರಿಯ ಮ್ಯಾನೇಜರ್ ಮಾಡಿದ ಫೋನ್ ಎತ್ತಿದೆ. ಎರಡನೇ ಸಲದ ಬಟ್ಟೆ ಬರುವುದಿಲ್ಲವೆಂದು ಅವತ್ತು ಆಸ್ಪತ್ರೆಯಲ್ಲಿ ಮೂರು ಆಪರೇಷನ್ ನಿಲ್ಲಿಸಿದ್ದರಂತೆ, ಆತನಿಗೂ ಬೆವರಿಳಿಸಿದ್ದರು. ಅವರಲ್ಲಿ ಒಂದು ನಿಯಮ. ಗಾಡಿ ತಾನಾಗಿ ಕೆಟ್ಟರೆ ರಿಪೇರಿಯಾಗುವವರೆಗೆ ಬದಲಿ ಗಾಡಿ ಹಾಕುತ್ತಾರೆ. ಓಡಿಸುವವರ ಅಲಕ್ಷ್ಯದಿಂದ ಕೆಟ್ಟರೆ ಅವರನ್ನೇ ತೆಗೆದುಬಿಡುತ್ತಾರೆ. ಯಾವುದು ಎಂದು ಹೇಳಬೇಕಾದವನು ಮೆಕ್ಯಾನಿಕ್.

"ಅಲಕ್ಷ್ಯ ಸಾರ್," ಎಂದೆ. "ನನ್ನ ಅಕ್ಕ ಅಂತ ಸುಳ್ಳು ಹೇಳೋನಲ್ಲ ನಾನು."

ನಾಳೆ ಹನ್ನೆರಡು ಗಂಟೆಗೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದರು. ಆಗಲಿ ಎಂದು ಫೋನ್ ಇಟ್ಟೆ. ಇಂಜಿನ್ನಿನ ಒಂದು ಬೋಲ್ಟನ್ನೂ ನಾನಿನ್ನೂ ಮುಟ್ಟಿರಲಿಲ್ಲ. ಅಕ್ಕ ಕಂಬಳಿಯನ್ನು ಸೀಟಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಡೆದುಕೊಂಡೇ ಮನೆಗೆ ಹೋದಳು.

ಮೂಟೆಗಳನ್ನು ಲಾಂಡ್ರಿಯವರು ಬಂದು ಇಳಿಸಿಕೊಂಡು ಹೋದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದೆ. ಒಳಗೂ ಅದೇ ಲೋಳೆ. ಬಟ್ಟೆಯಿಂದ ಬಳಿದು ಬಳಿದು ಬಕೆಟ್ಟಿಗೆ ಹಾಕಿದೆ. ಕೆಳಗಿಂದ ನನ್ನ ಹಳದಿ ಗೆರೆಗಳು ಒಂದೊಂದಾಗಿ ಮೇಲೆದ್ದವು. ಹತ್ತೂ ಇದ್ದವು, ಹತ್ತೂ ನೇರವಾಗಿದ್ದವು. ಒಂದೂ ಜರುಗಿರಲಿಲ್ಲ. ನೋಡಿ, ನನ್ನ ಕೆಲಸ ಹೇಗಿದೆ ಎಂದು ವೆಲ್ಡರನ್ನು ಕರೆದು ತೋರಿಸಿದೆ ಕೂಡ.

ಬಿಚ್ಚುವುದು ಹಿಂದಿನ ಮೂಲೆಯಿಂದ. ಒಂಬತ್ತನೇ ಬೋಲ್ಟಿಗೆ ರೆಂಚ್ ಹಾಕಿ, ಪೈಪ್ ತರಲು ಆಚೆ ತಿರುಗುವ ಮುಂಚೆ ಸುಮ್ಮನೆ ಒಂದು ಕೈಯಲ್ಲಿ ಎಳೆದು ನೋಡಿದೆ. ಬೋಲ್ಟ್ ತಿರುಗಿತು. ಡಬ್ಬಿಯ ಮುಚ್ಚಳ ತಿರುಗಿದ ಹಾಗೆ ತಿರುಗಿತು.

ಪಕ್ಕದ ಎಂಟನೆಯದಕ್ಕೆ ಹಾಕಿದೆ. ಜಗ್ಗಲಿಲ್ಲ. ಪೈಪ್ ಸಿಕ್ಕಿಸಿ ಮೈಭಾರವೆಲ್ಲ ಬಿಟ್ಟ ಮೇಲೆ ಟಣ್ ಎಂದು ಸದ್ದು ಮಾಡಿ ಬಿಟ್ಟಿತು. ಬಿಗಿದ ಬೋಲ್ಟ್ ಇರಬೇಕಾದದ್ದು ಹಾಗೆ. ಒಂಬತ್ತನೆಯದು ಓಡಾಟದಲ್ಲಿ ಸಡಿಲಾಗಿದ್ದರೆ ಅದರ ಗೆರೆ ಮೊದಲೇ ತುಂಡಾಗಿರಬೇಕಿತ್ತು. ಆಗಿರಲಿಲ್ಲ, ನಾನೇ ಕಣ್ಣಾರೆ ನೋಡಿ ವೆಲ್ಡರಿಗೂ ತೋರಿಸಿದ್ದೆ. ಅಂದರೆ ಆ ಬೋಲ್ಟ್ ಆರು ತಿಂಗಳಿಂದ ಅಲುಗದೆ ಹಾಗೇ ಕೂತಿತ್ತು. ಕಾಲು ತಿರುವು ಹಾಕದೆಯೇ ನಾನು ಅದರ ಮೇಲೆ ಗೆರೆ ಎಳೆದಿದ್ದೆ.

ಕೆಲಸದ ಬೆಂಚಿನ ಮೇಲೆ ಕೂತುಬಿಟ್ಟೆ. ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಡ್ ಕೂರಿಸಿದ ಆ ದಿನ ಎಂಟನೇ ಬೋಲ್ಟಿಗೆ ಮೂರನೇ ಸುತ್ತು ಮುಗಿಸಿ, ಗೆರೆ ಎಳೆದು, ಕುಂಚ ಕೈಯಲ್ಲಿರುವಾಗಲೇ ಜಲ್ಲಿ ಸಾಗಿಸುವವನು ತನ್ನ ಪಿಕಪ್ ಕೆಮ್ಮುತ್ತಿದೆ ಎಂದು ಬಂದಿದ್ದ. ಅವನ ಡೀಸೆಲ್ ಫಿಲ್ಟರ್ ಬಿಚ್ಚಿ ಗಾಜಿನ ಲೋಟಕ್ಕೆ ಸುರಿದರೆ ಅರ್ಧ ಲೋಟ ನೀರು, ಅದರಲ್ಲಿ ತುಕ್ಕು, ಒಂದು ಸತ್ತ ಜಿರಲೆ. ಎರಡು ವರ್ಷದಿಂದ ಆ ಫಿಲ್ಟರಿನ ಕೆಳಗಿನ ತಿರುಪು ತಿರುಗಿಸಿ ನೀರು ಬಿಟ್ಟಿರಲಿಲ್ಲ ಮಹಾಶಯ. ಆ ಲೋಟವನ್ನು ಅವನ ಮೂಗಿನ ಕೆಳಗೆ ಹಿಡಿದು ಇದನ್ನು ಕುಡಿಯುತ್ತೀಯಾ, ಇಂಜಿನ್ನಿಗೆ ಕುಡಿಸುತ್ತೀಯಲ್ಲ ಎಂದು ಅರ್ಧ ಗಂಟೆ ನೀರಿಳಿಸಿದ್ದೆ. ಬೀದಿಯೆಲ್ಲ ನಕ್ಕಿತ್ತು. ಒಳ್ಳೆಯ ಭಾಷಣ ಅದು, ನನಗೇ ಬಹಳ ಹಿಡಿಸಿತ್ತು. ಬೈಯುತ್ತಲೇ ವಾಪಸ್ ಬಂದು, ಬೈಯುತ್ತಲೇ ಒಂಬತ್ತು, ಹತ್ತಕ್ಕೆ ಗೆರೆ ಎಳೆದು, ಬೈಯುತ್ತಲೇ ಮುಚ್ಚಳ ಹಾಕಿದ್ದೆ. ಕುಂಚ ಕೈಯಲ್ಲಿತ್ತು, ರೆಂಚ್ ನೆಲದ ಮೇಲಿತ್ತು.

ನೀರು ಬಕೆಟ್ಟಿನಲ್ಲಿತ್ತು, ಕೈ ತೊಳೆದೆ. ಸೋಪಿನ ಪುಡಿ ಹಾಕಿ ಇನ್ನೊಮ್ಮೆ ತೊಳೆದೆ. ಆ ಲೋಳೆಯ ಸಿಹಿ ವಾಸನೆ ಉಗುರಿನೊಳಗೆ ಉಳಿದೇ ಇತ್ತು.

ಆಗ ಒಂದು ಹೊಲಸು ಯೋಚನೆ ಬಂತು, ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳುತ್ತೇನೆ. ನಾನು ತಿರುಗಿಸಿದ್ದರಿಂದ ಎಂಟರ ಗೆರೆಯೂ ತುಂಡಾಗಿತ್ತು, ಒಂಬತ್ತರ ಗೆರೆಯೂ ತುಂಡಾಗಿತ್ತು. ಯಾವುದು ಬಿಗಿಯಾಗಿತ್ತು, ಯಾವುದು ಇರಲಿಲ್ಲ ಎಂದು ಇನ್ನು ಯಾರೂ ಹೇಳಲಾರರು. ಹತ್ತನೆಯದೊಂದು ಮಾತ್ರ ಮುಟ್ಟದೆ ಉಳಿದಿತ್ತು, ನೇರವಾದ ಗೆರೆಯೊಂದಿಗೆ. ಅದನ್ನೂ ಒಂದು ಕೈಯಲ್ಲಿ ಎಳೆದುಬಿಟ್ಟರೆ ಮುಗಿಯಿತು. ಬಿಸಿಗೆ ಹೆಡ್ ಬಾಗಿ ಬೋಲ್ಟ್ ಸಡಿಲಾಗಿದೆ ಎನ್ನಬಹುದು. ಬಿಸಿ ಮಾಡಿದವಳು ಅಕ್ಕ. ರೆಂಚನ್ನು ಹತ್ತನೆಯದರ ಮೇಲೆ ಕೂರಿಸಿದೆ ಸಹ. ಎಳೆಯಲಿಲ್ಲ. ತೆಗೆಯಲೂ ಇಲ್ಲ. ಹಾಗೇ ಬಿಟ್ಟು ಶೆಡ್ಡಿನ ಬಾಗಿಲು ಎಳೆದುಕೊಂಡು ಮನೆಗೆ ಹೋದೆ. ಊಟ ಸೇರಲಿಲ್ಲ. ಹೆಂಡತಿ ಏನೆಂದು ಕೇಳಿದ್ದಕ್ಕೆ ಜನರ ಕೊಳಕು ನೋಡಿ ಸಾಕಾಗಿದೆ ಎಂದೆ.

ಮರುದಿನ ನಾನು ಬಾಗಿಲು ತೆಗೆಯುವಾಗ ಅಕ್ಕ ಬಂದು ನಿಂತಿದ್ದಳು. ಕೈಯಲ್ಲಿ ಗಾಡಿಯ ಕೀಲಿ ಮತ್ತು ರಟ್ಟು ಹರಿದ ಒಂದು ನೋಟುಪುಸ್ತಕ. ಕೀಲಿಯನ್ನು ಬೆಂಚಿನ ಮೇಲೆ ಇಟ್ಟಳು. ಆ ಹಾಳೆ ಬರೆದಾಯಿತಾ ಎಂದು ಕೇಳಿದಳು, ತಾನೇ ಲಾಂಡ್ರಿಗೆ ಕೊಟ್ಟು ಬರುತ್ತಾಳಂತೆ, ನಾನು ಕೆಲಸ ಬಿಟ್ಟು ಓಡಾಡುವುದು ಬೇಡವಂತೆ. ಇನ್ನೂ ಇಲ್ಲ ಎಂದೆ. ಆಗ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದಳು. ಒಂದೊಂದು ದಿನಕ್ಕೆ ಒಂದೊಂದು ಸಾಲು. ತಾರೀಕು, ನೀರು ಎಷ್ಟಿತ್ತು, ಆಯಿಲ್ ಎಷ್ಟಿತ್ತು, ಸೂಜಿ ಎಲ್ಲಿತ್ತು. ಆರು ತಿಂಗಳಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ. ಕೊನೆಯ ಹತ್ತು ದಿನ ನೀರು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂದದ್ದೂ, ಅವಳು ತುಂಬಿಸಿದ್ದೂ ಅದರಲ್ಲಿತ್ತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ತಮ್ಮನಿಗೆ ಹೇಳಿದೆ, ಪೈಪಿನ ಕ್ಲಿಪ್ ಸಡಿಲ ಇರಬೇಕು ಎಂದ, ಎಂದು ಬರೆದಿತ್ತು. ಹೌದು, ಫೋನ್ ಮಾಡಿದ್ದಳು. ಯಾರನ್ನೋ ಬೈಯುವುದರಲ್ಲಿದ್ದೆ, ಎರಡು ಮಾತಿನಲ್ಲಿ ಇಟ್ಟಿದ್ದೆ.

"ಎಲ್ಲಿ ತಪ್ಪಿದೆ ಅಂತ ಹೇಳು," ಎಂದಳು ಅಕ್ಕ. "ಕೆಲಸ ಹೋದ್ರೆ ಹೋಗ್ಲಿ. ನಿನ್ನೆಯಿಂದ ಇದನ್ನೇ ನೋಡ್ತಿದೀನಿ, ನಂಗೆ ಸಿಗ್ತಿಲ್ಲ. ನೀನು ಹೇಳಿದ್ಮೇಲೆ ಸೂಜಿ ಏರೇ ಇರುತ್ತೆ. ನಂಗೆ ಕಂಡಿಲ್ಲ ಅಷ್ಟೆ. ನಿಮ್ಮ ಭಾವನಿಗೂ ಮೊದಲು ಹೀಗೇ ಶುರುವಾಗಿದ್ದು."

ಅವಳು ಕಣ್ಣನ್ನು ಕಿರಿದು ಮಾಡಿ, ಅಗಲ ಮಾಡಿ, ಬೆಳಕಿಗೆ ಹಿಡಿದ ಆ ಪುಸ್ತಕದಲ್ಲಿ ತನ್ನದೇ ಅಕ್ಷರಗಳನ್ನು ಪರೀಕ್ಷೆ ಮಾಡುವಂತೆ ನೋಡುತ್ತಿದ್ದಳು. ಇನ್ನು ಗಾಡಿ ಮುಟ್ಟುವುದಿಲ್ಲ, ದಾರಿಯಲ್ಲಿ ಯಾರಿಗಾದರೂ ಗುದ್ದಿಬಿಟ್ಟರೆ ಏನು ಗತಿ ಎಂದೂ ಹೇಳಿದಳು. ನನ್ನ ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಕೊಳಕು ನೋಡಿದ್ದೇನೆ, ಪಿಸ್ಟನ್ನಿಗೆ ಅಂಟಿದ ಮಸಿ, ಟ್ಯಾಂಕಿನ ತಳದ ಕೊಚ್ಚೆ, ಸತ್ತ ಇಲಿ ಕೊಳೆತ ಏರ್ ಫಿಲ್ಟರ್. ಯಾವುದನ್ನು ನೋಡಿಯೂ ಆಗದಷ್ಟು ಅಸಹ್ಯ ನನಗೆ ಆ ಹೊತ್ತು ನನ್ನ ಮೇಲೆ ಆಯಿತು.

"ಅಕ್ಕ, ನಿನ್ನ ಕಣ್ಣು ಸರಿಯಾಗಿದೆ," ಎಂದೆ. "ತಪ್ಪು ನಂದು. ಎರಡು ಬೋಲ್ಟ್ ನಾನು ಬಿಗಿ ಮಾಡ್ಲೇ ಇಲ್ಲ. ಬಿಗಿ ಮಾಡ್ದೇನೇ ಗೆರೆ ಎಳೆದಿದೀನಿ."

ಅವಳಿಗೆ ನಂಬಿಕೆ ಬರಲಿಲ್ಲ. ತನ್ನನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡಳು. ನಿನ್ನೆ ಅಷ್ಟು ಬೈದವನು ಇವತ್ತು ಹೀಗೇಕೆ ಎನ್ನುತ್ತೀ ಎಂದು ನನ್ನನ್ನೇ ಕೇಳಿದಳು. ಹತ್ತನೆಯದು ಇನ್ನೂ ಹಾಗೇ ಇದೆ, ಅದನ್ನು ನೀನೂ ನೋಡು, ಅವರೂ ನೋಡಲಿ ಎಂದು ಹೇಳಿ ಲಾಂಡ್ರಿಗೆ ಫೋನ್ ಮಾಡಿ ಮ್ಯಾನೇಜರನ್ನು ಶೆಡ್ಡಿಗೇ ಕರೆದೆ.

ಹನ್ನೊಂದೂವರೆಗೆ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ. ನೆಲದ ಮೇಲಿನ ಆಯಿಲ್ ಕಲೆ, ಅದರ ಮೇಲೆ ಸುರಿದ ಮರದ ಹೊಟ್ಟು, ಲೋಳೆ ತುಂಬಿದ ಬಕೆಟ್ ಎಲ್ಲ ದಾಟಿಕೊಂಡು ತುದಿಗಾಲಲ್ಲಿ ಬಂದು ನಿಂತರು. ವೆಲ್ಡರ್ ಕೆಲಸ ನಿಲ್ಲಿಸಿ ಬಂದ. ಟೈರಿನಂಗಡಿಯವನೂ ಬಂದ. ನಿನ್ನೆ ಬೈದದ್ದು ಅವರ ಮುಂದೆ, ಇದೂ ಅವರ ಮುಂದೆಯೇ ಆಗಲಿ ಎಂದು ಅವರನ್ನು ಆಚೆ ಕಳಿಸಲಿಲ್ಲ. ಹಳದಿ ಗೆರೆಯ ಅರ್ಥವೇನು, ಅದು ತುಂಡಾಗದೆ ಇದ್ದರೆ ಬೋಲ್ಟ್ ಕದಲಿಲ್ಲವೆಂದು ಹೇಗೆ ತಿಳಿಯುತ್ತದೆ, ಎಲ್ಲ ಹೇಳಿದೆ. ಏಳನೆಯದಕ್ಕೆ ರೆಂಚ್ ಹಾಕಿ ಎಳೆಯಿರಿ ಎಂದು ಕೊಟ್ಟೆ. ಎರಡು ಕೈಯಲ್ಲಿ ಎಳೆದರು, ಕೆಂಪಾದರು, ಆಗಲಿಲ್ಲ. ಆಮೇಲೆ ಹತ್ತನೆಯದರ ಗೆರೆ ತೋರಿಸಿದೆ. ಅಕ್ಕ ಬಗ್ಗಿ ನೋಡಿದಳು. ವೆಲ್ಡರ್ ಬಗ್ಗಿ ನೋಡಿದ. ನೇರವಾಗಿತ್ತು.

ಮ್ಯಾನೇಜರ್ ಒಂದು ಕೈಯಲ್ಲಿ ಎಳೆದರು. ಬೋಲ್ಟ್ ತಿರುಗಿತು.

ಆತ ಕೈಗೆ ಅಂಟಿದ್ದನ್ನು ಕರವಸ್ತ್ರದಿಂದ ನಿಧಾನವಾಗಿ ಒರೆಸಿಕೊಂಡು, ನನ್ನ ಮುಖ ನೋಡಿದರು. ಮೂಗಿನ ಹೊಳ್ಳೆ ಸ್ವಲ್ಪ ಮೇಲೆದ್ದಿತ್ತು. ಜಿರಲೆ ಇದ್ದ ಲೋಟವನ್ನು ಹಿಡಿದು ನಾನು ಜಲ್ಲಿಯವನನ್ನು ನೋಡಿದ್ದು ಹಾಗೆಯೇ ಇರಬೇಕು.

"ಅಮ್ಮಾ, ನಿಮ್ಮ ಕೆಲಸ ಎಲ್ಲೂ ಹೋಗಲ್ಲ," ಎಂದರು ಅಕ್ಕನ ಕಡೆ ತಿರುಗಿ. "ಗಾಡಿ ಸರಿಯಾದ ದಿನ ಬನ್ನಿ. ನಮ್ಮ ಬೇರೆ ಗಾಡಿಗಳನ್ನ ಮಾತ್ರ ಇನ್ಮೇಲೆ ಇಲ್ಲಿಗೆ ಕಳಿಸಲ್ಲ."

ಕೊನೆಯ ಮಾತು ಹೇಳುವಾಗ ನನ್ನನ್ನು ನೋಡಲಿಲ್ಲ. ಬಂದ ಹಾಗೇ ತುದಿಗಾಲಲ್ಲಿ ಹೊರಟು ಹೋದರು. ವೆಲ್ಡರ್ ಹೋಗುವಾಗ ನನ್ನನ್ನು ಮೂಗು ಮೇಷ್ಟ್ರು ಎಂದು ಕರೆಯಲಿಲ್ಲ. ಕರೆದಿದ್ದರೆ ಎಷ್ಟೋ ವಾಸಿ ಇತ್ತು. ಅಕ್ಕ ಬೆಂಚಿನ ಮೇಲಿನ ಕೀಲಿಯನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎದುರಿನ ಗೋಡೆಯ ಮೇಲಿದ್ದ ಟೈರಿನ ಬೋರ್ಡಿನ ಸಣ್ಣ ಅಕ್ಷರಗಳನ್ನು ತುಟಿ ಅಲುಗಿಸುತ್ತಾ ಕೊನೆಯವರೆಗೂ ಓದಿದಳು. ಆಮೇಲೆ ಮನೆ ಕಡೆ ನಡೆದಳು.

ಹೆಡ್ಡಿನ ತಳವನ್ನು ಸಮನಾಗಿ ಉಜ್ಜಿಸಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟುಗಳನ್ನು ನನ್ನ ಕೈಯಿಂದಲೇ ದುಡ್ಡು ಹಾಕಿ ತಂದು, ಆರನೇ ದಿನ ಕೂರಿಸಲು ಕುಳಿತೆ. ಹೇಳಿ ಕಳಿಸಿರದಿದ್ದರೂ ಅಕ್ಕ ಬಂದಳು. ಎರಡು ಸುತ್ತು ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತು ನೋಡಿದಳು. ಮೂರನೇ ಸುತ್ತು ಶುರುವಾಗುವಾಗ ಎದ್ದು ಬಂದು, ಬಣ್ಣದ ಡಬ್ಬಿಯಿಂದ ಕುಂಚವನ್ನು ತೆಗೆದು ತಾನೇ ಹಿಡಿದುಕೊಂಡಳು. ನಾನು ಕಾಲು ತಿರುವು ಹಾಕುವುದು, ಅವಳು ರೆಂಚಿಗೆ ಕೈಹಚ್ಚಿ ತನ್ನ ಭಾರ ಬಿಟ್ಟು ನೋಡುವುದು, ಜಗ್ಗದಿದ್ದರೆ ಗೆರೆ ಎಳೆಯುವುದು. ಹೀಗೆ ಎಂಟಾಯಿತು.

ಆಗ ಶೆಡ್ಡಿನ ಬಾಗಿಲಿಗೆ ಪಿಕಪ್ಪೊಂದು ಬಂದು ನಿಂತಿತು. ದೂರದಿಂದ ಓಡಿ ಬಂದ ಗಾಡಿ, ಬಾನೆಟ್ಟಿನ ಮೇಲೆ ಕೈ ಇಡುವ ಹಾಗಿರಲಿಲ್ಲ. ನಿಂತ ಕೂಡಲೇ ಟಕ್ಕನೆ ಆರಿಸಿ ಇಳಿದವನು ಅದೇ ಜಲ್ಲಿಯವನು, ಹಲ್ಲು ಕಿರಿಯುತ್ತಾ. ಒಳಗೆ ಟರ್ಬೊ ಬೇಯುತ್ತಿರುತ್ತದೆ. ನನ್ನ ಮೈಯೆಲ್ಲ ಉರಿಯಿತು. ರೆಂಚ್ ಕೆಳಗಿಟ್ಟು, ಬಾಯಿ ತೆರೆದೆ.

"ಒಂಬತ್ತು," ಎಂದಳು ಅಕ್ಕ. "ಬಾಯಿ ಮುಚ್ಕೊಂಡು ತಿರುಗ್ಸು."

ಬಾಯಿ ಮುಚ್ಚಿದೆ. ರೆಂಚ್ ಎತ್ತಿಕೊಂಡು ಒಂಬತ್ತನ್ನು ಕಾಲು ತಿರುವು ತಿರುಗಿಸಿದೆ, ಹತ್ತನ್ನೂ ತಿರುಗಿಸಿದೆ. ಅಕ್ಕ ಎರಡರ ಮೇಲೂ ಭಾರ ಬಿಟ್ಟು ನೋಡಿದಳು. ಆಮೇಲೆ ಬಗ್ಗಿ, ಉಸಿರು ಹಿಡಿದು, ಹತ್ತನೇ ಬೋಲ್ಟಿಗೆ ಗೆರೆ ಎಳೆದಳು. ಗೆರೆ ಸೊಟ್ಟಗೆ ಬಂತು. ನಾನು ಏನೂ ಹೇಳಲಿಲ್ಲ.